ತೆರೆ ಒಡೆಯದ ಓಣಿ

ಬೆಳಗಿನ ಆರು ಗಂಟೆಗೆ ಸೊಸೆ ಸರಿತಾ ಮುಡಬಿಯಿಂದ ಫೋನು ಮಾಡುತ್ತಿದ್ದಳು. ಮಡೆಪ್ಪ ಅದಕ್ಕೆ ಮೊದಲೇ ಎದ್ದು, ಮುಖ ತೊಳೆದು, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು, ಕುರಿಗಳನ್ನು ಕೂಡಿಹಾಕಿದ ಬಲೆಯ ದೊಡ್ಡಿಯ ಪಕ್ಕದ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದ. ಕೊಡಂಬಲದ ಮಚ್ಚೇಂದ್ರನ ಹೊಲದಲ್ಲಿ ಕುರಿ ನಿಲ್ಲಿಸಿ ಅಂದಿಗೆ ನಾಲ್ಕು ದಿನ. ತೊಗರಿ ರಾಶಿ ಮುಗಿದ ಹೊಲ ಅದು. ಕುರಿಯ ಹಿಕ್ಕೆ ಬಿದ್ದರೆ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆಂದು ಮಚ್ಚೇಂದ್ರನೇ ಕರೆಸಿಕೊಂಡಿದ್ದ.

ಮಡೆಪ್ಪನ ಮೊಮ್ಮಗಳು ಸಾಕ್ಷಿ ಕಲ್ಯಾಣದ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಳು. ಶಾಲೆಯವರು ನಲವತ್ತು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದರು. ಎರಡು ದಿನದಿಂದ ಒಂದು ಕಡಲೂರಿನಲ್ಲಿ ಇಳಿದುಕೊಂಡಿದ್ದರು. ಆ ಊರಿನವರು ಬಂದವರ ಅನುಕೂಲಕ್ಕೆಂದು ದಿನಾ ಬೆಳಿಗ್ಗೆ ಒಂದು ಸೂಚನೆ ಹೊರಡಿಸುತ್ತಿದ್ದರು. ಬಿಸಿಲು ಎಷ್ಟು, ಗಾಳಿಯಲ್ಲಿ ದೂಳೆಷ್ಟು, ಅಲೆ ಎಷ್ಟೆತ್ತರ, ದಂಡೆಯ ಮೇಲೆ ಯಾವ ಬಾವುಟ ಹಾರಿದೆ, ಎಲ್ಲ ಅದರಲ್ಲಿರುತ್ತಿತ್ತು. ಪ್ರೇಮಕುಮಾರ ಮಾಸ್ತರರು ಅದನ್ನು ತಂದೆತಾಯಿಯರ ವಾಟ್ಸಪ್ ಗುಂಪಿಗೆ ಹಾಕುತ್ತಿದ್ದರು. ಮಡೆಪ್ಪನದು ಗುಂಡಿ ಒತ್ತುವ ಸಣ್ಣ ಫೋನು. ಆದ್ದರಿಂದ ಸರಿತಾ ಓದಿ ಹೇಳುತ್ತಿದ್ದಳು.

ಅಂದು ಫೋನು ಬರುವಾಗ ಆರು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು.

"ಎದ್ದೀರೇನ್ರಿ ಮಾಮಾ?"

"ಮಲಗಿದ್ರಲ್ಲ ಏಳಾದು? ಆ ನಿನ್ನ ಕರಿ ಹೋತ ಬೆಳತನ ಬಲಿ ಕಡೀತು."

"ಕೆಟ್ಟ ಕೆಲಸ ಮಾಡಿದ್ರ ನನ್ನ ಹೋತ, ಛಲೋ ದರ ಬಂದ್ರ ನಿಮ್ಮ ಹೋತ. ಬರೋಬ್ಬರಿ ಅದ ನಿಮ್ಮ ಲೆಕ್ಕ!"

ಮಡೆಪ್ಪ ನಕ್ಕ. ಹೆಂಡತಿ ಸಖುಬಾಯಿ ಹೋದ ಮೇಲೆ ಅವನನ್ನು ನಗಿಸುವ ಗೊಡವೆಗೆ ಹೋಗುತ್ತಿದ್ದವಳು ಈ ಸೊಸೆಯೊಬ್ಬಳೇ. ಮಗ ಧರ್ಮೇಂದ್ರ ಕುರಿ ಮಾರಲು ಲಾರಿಯಲ್ಲಿ ಹೈದರಾಬಾದಿನ ಕಡೆ ಹೋದವನು ಇನ್ನೂ ಬಂದಿರಲಿಲ್ಲ.

"ಗಾಳಿ ಹ್ಯಾಂಗದಂತ?"

"ಛಲೋ ಅದಂತ್ರಿ. ಗಾಳಿ ಸಾಲಿಗಿ ಹಸಿರು ಬಣ್ಣ ಹಾಕ್ಯಾರ, ದೂಳಿಲ್ಲ ಅಂತ. ನಿನ್ನೆನೂ ಹಸಿರೇ ಇತ್ತು."

ಮೊದಲು ಗಾಳಿಯನ್ನೇ ಕೇಳುವುದಕ್ಕೆ ಕಾರಣವಿತ್ತು. ಸಾಕ್ಷಿಗೆ ಎಳವೆಯಿಂದ ಉಬ್ಬಸ. ರಾಶಿಯ ಯಂತ್ರ ದೂಳೆಬ್ಬಿಸಿದರೆ ಸಾಕು, ಅವಳ ಎದೆಯಲ್ಲಿ ಸಿಳ್ಳು ಹಾಕಿದಂತೆ ಸದ್ದು. ಆರು ವರ್ಷದವಳಿದ್ದಾಗ ಒಮ್ಮೆ ಉಸಿರು ಕಟ್ಟಿ ಹುಮನಾಬಾದಿನ ದವಾಖಾನೆಯಲ್ಲಿ ಮೂರು ದಿನ ಮಲಗಿದ್ದಳು. ಆಗ ಸಖುಬಾಯಿ ಹೊರಗಿನ ಕಟ್ಟೆಯ ಮೇಲೆ ಕೂತು, ಸೆರಗೊಡ್ಡಿ, "ಗಂಗವ್ವ, ಕೂಸಿನ ಉಸಿರು ಉಳಿಸು. ಎಲ್ಲ ನೀರೂ ಹೋಗಿ ಕೂಡೂ ಆ ದೊಡ್ಡ ನೀರಿನಾಗ ನಿನಗ ಉಡಿ ತುಂಬತೀನಿ" ಎಂದು ಬೇಡಿಕೊಂಡಿದ್ದಳು. ಕೂಸು ಉಳಿಯಿತು. ಹರಕೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಕುರಿ ಬಿಟ್ಟು ಕಡಲಿಗೆ ಹೋಗುವವರು ಯಾರು? ಕಳೆದ ಶ್ರಾವಣದಲ್ಲಿ ಸಖುಬಾಯಿ ತೀರಿಕೊಂಡಳು. ಹೋಗುವ ಹಿಂದಿನ ದಿನ ಗಂಡನ ಕೈ ಹಿಡಿದು, "ಹರಕಿ ಉಳೀತು ನೋಡ್ರಿ" ಎಂದಿದ್ದಳು. ಆ ಮಾತು ಮಡೆಪ್ಪನ ಎದೆಯಲ್ಲಿ ಮುಳ್ಳಿನಂತೆ ನಿಂತುಬಿಟ್ಟಿತ್ತು.

ಪ್ರವಾಸದ ಸುದ್ದಿ ಬಂದಾಗ ಅವನು ಯಾರಿಗೂ ಹೇಳದೆ ಒಂದು ಗಂಟು ಕಟ್ಟಿದ. ಒಂದು ಹಸಿರು ಖಣ, ಐದು ಬಳೆ, ಅರಿಶಿನ ಕುಂಕುಮ, ಒಂದು ಕೊಬ್ಬರಿ ಬಟ್ಟಲು, ಒಂದು ಹಿಡಿ ಅಕ್ಕಿ. ಅದನ್ನು ಸಾಕ್ಷಿಯ ಚೀಲದ ತಳದಲ್ಲಿಟ್ಟು, "ಮಾಸ್ತರರಿಗಿ ಹೇಳಬ್ಯಾಡ, ನಿಮ್ಮವ್ವಗೂ ಹೇಳಬ್ಯಾಡ. ಮಂದಿ ತುಳಿಯೂದಕ್ಕಿಂತ ಮೊದಲ, ಸೂರ್ಯ ಹುಟ್ಟೂ ಹೊತ್ತಿನಾಗ ನೀರಿಗಿ ಬಿಡು. ಉಡಿ ತಿರುಗಿ ದಂಡಿಗಿ ಬರಬಾರದು" ಎಂದಿದ್ದ. ಮರಳಿ ಬಂದ ಉಡಿಯನ್ನು ಗಂಗೆ ಒಪ್ಪಲಿಲ್ಲವೆಂದೇ ಅವರ ಕಡೆಯ ನಂಬಿಕೆ.

ನಿನ್ನೆ ಸಂಜೆ ಮಾಸ್ತರರು ತಮ್ಮ ಫೋನಿನಲ್ಲಿ ಪ್ರತಿ ಮಗುವಿಗೂ ಎರಡು ನಿಮಿಷ ಮನೆಯವರೊಡನೆ ಮಾತಾಡಲು ಬಿಟ್ಟಿದ್ದರು. ಸಾಕ್ಷಿ ಅವ್ವನಿಗೆ ಮಾಡದೆ ಅಜ್ಜನಿಗೆ ಮಾಡಿದಳು.

"ಅಜ್ಜಾ, ಬಿಟ್ರ ಬರೇ ತಿರುಗಿ ಬರ್ತದ. ನಾ ಒಂದ ಹೂವು ಒಗದು ನೋಡಿದೆ, ತೆರಿ ತಂದು ಕಾಲಿಗೇ ಹಾಕ್ತು."

"ಎಲ್ಲಾ ಕಡಿ ಹಂಗೇ ಅದೇನು?"

"ಒಂದ ಕಡಿ ಇಲ್ಲ. ಎರಡೂ ಬಾಜೂ ತೆರಿ ಧಡ್ ಧಡ್ ಬೀಳ್ತಾವ, ನಡುವ ಓಣಿ ಇದ್ಹಂಗ ಅದ. ಅಲ್ಲಿ ತೆರಿನೇ ಇಲ್ಲ. ನೀರು ಸುಮ್ಮನ ಅದ."

ಮಡೆಪ್ಪ ಅರವತ್ತು ವರ್ಷ ಕುರಿಯ ಹಿಂದೆ ನಡೆದವನು. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಲು ಹಳ್ಳಕ್ಕೆ ಇಳಿಸುವಾಗ ಜಾಗ ನೋಡುವವನು ಅವನೇ. ನೀರಿಗೆ ಸೆಳವಿದ್ದರೆ ಮೇಲೆಯೇ ಕಾಣುತ್ತದೆ. ಅಲುಗದ ನೀರಿನಲ್ಲಿ ಮರಿ ಕೂಡ ಕೊಚ್ಚಿಹೋಗುವುದಿಲ್ಲ. ಇಷ್ಟು ವರ್ಷದಲ್ಲಿ ಒಂದು ಕುರಿಯನ್ನೂ ಅವನು ನೀರಿಗೆ ಕೊಟ್ಟಿರಲಿಲ್ಲ. ಆ ಭರವಸೆಯಿಂದಲೇ ಹೇಳಿದ: "ಆ ಓಣ್ಯಾಗೇ ಇಳಿ. ಟೊಂಕದ ಮಟ ಹೋಗಿ ಬಿಡು. ಸುಮ್ಮನಿದ್ದ ನೀರು ಯಾರಿಗೂ ಏನೂ ಮಾಡಾದಿಲ್ಲ."

ಅದು ನಿನ್ನೆ. ಉಡಿ ಬಿಡುವುದು ಇಂದು, ಇನ್ನು ಸ್ವಲ್ಪ ಹೊತ್ತಿನಲ್ಲಿ. ಮೂಡಲಲ್ಲಿ ಆಗಲೇ ಕೆಂಪೇರುತ್ತಿತ್ತು. ನೀರು ಶಾಂತವಾಗಿದೆಯೆಂಬ ಒಂದು ಮಾತು ಕೇಳಿಬಿಟ್ಟರೆ ಮನಸ್ಸಿಗೆ ಸಮಾಧಾನವೆಂದು ಮಡೆಪ್ಪ ಕೇಳಿದ:

"ಗಾಳಿ ಆಯ್ತು. ಮತ್ತೇನು ಬರದಾರ ಅದರಾಗ?"

"ಭಾಳ ಅದ್ರಿ. ದಿನಾ ಇಷ್ಟುದ್ದ ಬರೀತಾರ, ನಾ ಗಾಳಿ ನೋಡಿ ಬಿಡ್ತೀನಿ. ತಡೀರಿ, ಓದ್ತೀನಿ." ಸರಿತಾ ಶಾಲೆಯ ಮಗುವಿನಂತೆ ರಾಗವಾಗಿ ಓದಿದಳು. "'ಮಧ್ಯಾಹ್ನದ ಉಷ್ಣಾಂಶ ಮೂವತ್ತೆರಡು. ಅಲೆಗಳ ಎತ್ತರ ಸುಮಾರು ಎರಡು ಮೀಟರ್. ಇಂದು ಕೆಂಪು ಬಾವುಟ. ಯಾರೂ ನೀರಿಗೆ ಇಳಿಯಬಾರದು. ಎಚ್ಚರಿಕೆ: ಎರಡು ಬದಿಗೆ ಅಲೆ ಒಡೆಯುತ್ತಿದ್ದು ನಡುವೆ ನೀರು ಶಾಂತವಾಗಿ ಕಾಣುವ ಜಾಗವೇ ಅತ್ಯಂತ ಅಪಾಯದ ಜಾಗ. ಅಲ್ಲಿ ನೀರು ಸಮುದ್ರದ ಒಳಕ್ಕೆ ಸೆಳೆಯುತ್ತದೆ.' ಈ ಕಡೀ ಸಾಲು ನಿನ್ನೆದರಾಗೂ ಅದ ನೋಡ್ರಿ, ಈಗ ಕಂಡೆ."

ಮಡೆಪ್ಪನ ಕಿವಿಯಲ್ಲಿ ಮುಂದಿನದು ಇಳಿಯಲಿಲ್ಲ. ಹುಡುಗಿ ಇನ್ನೂ ಎದ್ದಿರಲಿಕ್ಕಿಲ್ಲ, ಎದ್ದರೂ ಮಾಸ್ತರರು ಬಿಡಲಿಕ್ಕಿಲ್ಲ, ಬಿಟ್ಟರೂ ಹೆದರಿ ತಿರುಗಿಯಾಳು ಎಂದು ಮನಸ್ಸು ಮೂರು ಸುಳ್ಳು ಹೇಳಿತು. ಬಾಯಿ ಮುಚ್ಚಿಕೊಂಡಿದ್ದರೆ ಸೊಸೆಯ ಮುಂದೆ ಮಾನ ಉಳಿಯುತ್ತದೆಂದೂ ಹೇಳಿತು. ಆದರೆ ಸಾಕ್ಷಿ ಅಜ್ಜನ ಮಾತು ಮೀರುವ ಹುಡುಗಿಯಲ್ಲ. ಅದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಸರಿತಾ, ಆಕಿ ಈಗ ನೀರಿಗಿ ಹೋಗಾಕಿ ಇದ್ದಾಳ. ಅದೇ ಜಾಗಕ್ಕ. ನಾನೇ ಹೇಳೀನಿ."

"ಏನಂದ್ರಿ?"

ಅವನು ಗಂಟಿನಿಂದ ಓಣಿಯವರೆಗೆ ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದ. ಆಮೇಲೆ ಸರಿತಾಳ ದನಿ ಬೇರೆ ಯಾರದೋ ದನಿಯಂತೆ ಬಂತು. "ಇಡ್ರಿ ಫೋನು. ಮಾಸ್ತರರಿಗಿ ಹಚ್ಚತೀನಿ."

ಮಚ್ಚೇಂದ್ರ ಚಹದ ಕಿಟಲಿ ಹಿಡಿದು ಬದುವಿನ ಮೇಲೆ ಬರುತ್ತಿದ್ದ. ದಿನವೂ ಬೆಳಿಗ್ಗೆ ಅವನೇ ಚಹ ತರುತ್ತಿದ್ದ.

"ತಗೋರಿ ಕಾಕಾ. ನಮ್ಮಾಕಿ ಸುಗಂಧಾ ಇವತ್ತ ಕುರಿಗೋಳಿಗೂ ಸಾಲೂವಷ್ಟು ಸಕ್ಕರಿ ಸುರದಾಳ. ನನಗ ಕೊಡೂ ಮುಂದ ಮಾತ್ರ ಕೈ ಬಿಗಿ ಆಕೀದು." ಅಷ್ಟರಲ್ಲಿ ಮಡೆಪ್ಪನ ಮುಖ ನೋಡಿ ಕಿಟಲಿ ಕೆಳಗಿಟ್ಟ. "ಏನಾಯ್ತ್ರಿ?"

ಮಡೆಪ್ಪ ಹೇಳುತ್ತಿದ್ದಂತೆ ಮತ್ತೆ ಫೋನು ಬಂತು. ಸರಿತಾ ಅಳುತ್ತಿದ್ದಳು. "ಗಂಟಿ ಹೊಡೀಲಿಕತ್ತದ, ಎತ್ತವಲ್ಲರು. ನಾಕು ಸಲ ಹಚ್ಚೀನಿ. ಗುಂಪಿನಾಗ ಬರೀಬೇಕಂದ್ರ ಅದರಾಗ ಮಾಸ್ತರರೊಬ್ಬರಿಗೇ ಬರೀಲಿಕ್ಕಿ ಬರ್ತದ. ಬ್ಯಾರೆ ಯಾರ ನಂಬರೂ ನನ್ನ ಹತ್ರ ಇಲ್ರಿ ಮಾಮಾ!"

ಮಚ್ಚೇಂದ್ರ ಫೋನನ್ನು ಮಡೆಪ್ಪನ ಕೈಯಿಂದ ತೆಗೆದುಕೊಂಡ. "ಅಕ್ಕಾ, ನಾ ಮಚ್ಚೇಂದ್ರ. ಬಸ್ಸು ಎಲ್ಲಿದು?"

"ಹುಮನಾಬಾದದ್ದು, ಬಾಡಿಗಿದು."

"ಬಾಡಿಗಿ ಬಸ್ಸಿನ ಮ್ಯಾಲ ಮಾಲಕನ ನಂಬರ್ ಬರದಿರ್ತಾರ. ಹೋಗೂ ಮುಂದ ಹುಡುಗಿ ಫೋಟೋ ತೆಗದೀರೇನು?"

"ತೆಗದೀನಿ, ಬಸ್ಸಿನ ಮುಂದೇ ನಿಂದ್ರಿಸಿ ತೆಗದೀನಿ!"

"ನೋಡ್ರಿ, ಜಲ್ದಿ."

ಸರಿತಾ ಒಂದೊಂದೇ ಅಂಕಿ ಓದಿದಳು. ಮಚ್ಚೇಂದ್ರ ಕಡ್ಡಿಯಿಂದ ಮಣ್ಣಿನ ಮೇಲೆ ಬರೆದುಕೊಂಡ. ಏಳನೆಯ ಅಂಕಿ ಒಂದೋ ಏಳೋ ತಿಳಿಯಲಿಲ್ಲ. ಮೊದಲು ಒಂದು ಹಾಕಿ ತನ್ನ ಫೋನಿನಿಂದ ಹಚ್ಚಿದ; ಅಂಥ ನಂಬರೇ ಇಲ್ಲವೆಂದು ಬಂತು. ಏಳು ಹಾಕಿದ. ಗಂಟೆ ಹೊಡೆಯಿತು. ಬಹಳ ಹೊತ್ತಿನ ಮೇಲೆ ನಿದ್ದೆಗಣ್ಣಿನ ದನಿಯೊಂದು ಕೇಳಿತು.

"ಹಾಂ, ಹೇಳ್ರಿ. ಮದುವಿ ಯಾವಾಗ? ಎಷ್ಟು ಮಂದಿ?"

"ಮದುವಿ ಅಲ್ರಿ ಸಾಹೇಬ, ಜೀವದ ಮಾತು. ಕಡಲಿಗಿ ಹೋದ ನಿಮ್ಮ ಬಸ್ಸಿನ ಡ್ರೈವರನ ನಂಬರ್ ಬೇಕು."

"ನೀವ್ಯಾರು? ಡ್ರೈವರ್ ಏನರೇ ಗಲತಿ ಮಾಡ್ಯಾನೇನು?"

"ಅವ ಏನೂ ಮಾಡಿಲ್ಲ. ಒಂದು ಹುಡುಗಿ ನೀರಿಗಿ ಹೊಂಟಾಳ, ತಡೀಬೇಕಾಗ್ಯದ. ನಂಬರ್ ಹೇಳ್ರಿ, ಆಮ್ಯಾಲ ಬೇಕಾದಷ್ಟು ಬೈರಿ!"

ಮಾಲೀಕ ಮತ್ತೊಂದು ಮಾತು ಕೇಳಲಿಲ್ಲ, ನಂಬರು ಕೊಟ್ಟ. ಮಡೆಪ್ಪ ಅಷ್ಟು ಹೊತ್ತೂ ಮೂಡಲ ಕಡೆ ನೋಡುತ್ತಿದ್ದ. ಸೂರ್ಯ ಹುಟ್ಟುವುದನ್ನು ಅವನು ಜೀವಮಾನವಿಡೀ ಕೈಮುಗಿದು ನೋಡಿದವನು. ಇಂದು, ಸ್ವಲ್ಪ ತಡೆ ದೇವರೇ, ಸ್ವಲ್ಪ ತಡೆ ಎನ್ನುತ್ತಿದ್ದ. ಕೆಂಪು ಅಂಚು ಜಾಲಿಮರಗಳ ಮೇಲೆ ಆಗಲೇ ಕಾಣಿಸಿತ್ತು.

ಡ್ರೈವರ್ ಪಂಡರಿ ಎರಡನೆಯ ರಿಂಗಿಗೇ ಫೋನು ಎತ್ತಿದ. ಅವನು ದಂಡೆಯ ಮೇಲಿನ ರಸ್ತೆಯಲ್ಲಿ ಬಸ್ಸಿನ ಗಾಜು ತೊಳೆಯುತ್ತಿದ್ದನಂತೆ. ಮಚ್ಚೇಂದ್ರ ಫೋನಿನ ದನಿ ದೊಡ್ಡದು ಮಾಡಿ ಇಬ್ಬರ ನಡುವೆ ಹಿಡಿದ.

"ನಾ ಸಾಕ್ಷಿ ಅಜ್ಜ ಇದ್ದೀನಪ್ಪ," ಎಂದ ಮಡೆಪ್ಪ. "ಎರಡು ಜಡಿ, ಸಣಕಲ ಹುಡುಗಿ. ನೀರಿನ ಕಡಿ ಹೋಗ್ಯಾಳೇನು ನೋಡು. ತೆರಿ ಬೀಳದ ಜಾಗ ಒಂದದಂತ, ಅಲ್ಲಿ."

"ಈಗ ಒಂದು ಹುಡುಗಿ ಹಸಿರು ಗಂಟು ಹಿಡಕೊಂಡು ಇಳದು ಹೋದಳು ಕಾಕಾ. ಮಾಸ್ತರರು ಕಳಿಸ್ಯಾರಂತ ನಾ ಸುಮ್ಮನಾದೆ."

"ಓಡು ಮಗಾ! ಆ ನೀರು ಒಳಗ ಎಳೀತದಂತ. ಓಡು!"

ಪಂಡರಿ ಓಡಿದ. ಫೋನು ಅವನ ಕೈಯಲ್ಲೇ ಇತ್ತು. ಮೊದಲು ಅವನ ಏದುಸಿರು, ಆಮೇಲೆ ಮರಳಿನಲ್ಲಿ ಹೆಜ್ಜೆ ಹೂತ ಸದ್ದು. ಅದರ ಹಿಂದಿನಿಂದ ಇನ್ನೊಂದು ಸದ್ದು ದೊಡ್ಡದಾಗುತ್ತ ಬಂತು. ಸಾವಿರ ಕುರಿ ಕಲ್ಲುನೆಲದ ಮೇಲೆ ಬೆದರಿ ಓಡಿದಂತೆ, ಓಡಿ ನಿಂತು ಮತ್ತೆ ಓಡಿದಂತೆ. ಕಡಲಿನ ಸದ್ದನ್ನು ಮಡೆಪ್ಪ ಕೇಳಿದ್ದು ಅದೇ ಮೊದಲು.

"ಏ ಹುಡುಗೀ! ಹಿಂದಕ ಬಾ! ಏ ಸಾಕ್ಷೀ!" ಪಂಡರಿಯ ಕೂಗು. ಎಲ್ಲೋ ಸೀಟಿ ಊದಿತು, ಒಂದರ ಮೇಲೊಂದು. ಧಪ್ಪೆಂದು ಏನೋ ಬಿತ್ತು. ಆಮೇಲೆ ಬರೇ ಕಡಲು.

"ಪಂಡರಿ! ಪಂಡರಿ!" ಮಚ್ಚೇಂದ್ರ ಕೂಗಿದ. ಮಡೆಪ್ಪ ಮನೆದೇವರು ಮೈಲಾರ ಮಲ್ಲಣ್ಣನ ಹೆಸರು ಹಿಡಿಯಲು ಹೋದ. ಅರ್ಧ ಹೆಸರಿಗೇ ಬಿಟ್ಟ. ಯಾವ ಮುಖದಿಂದ ಬೇಡುವುದು? ಕಳಿಸಿದವನೇ ತಾನು.

ಫೋನಿನಲ್ಲಿ ಮರಳು ಉಜ್ಜಿದ ಸದ್ದಾಯಿತು. ಹೆಂಗಸಿನ ದನಿ, ಆ ಕಡಲ ಕಡೆಯ ಮಾತು: "ಯಾರ್ದು ಈ ಫೋನು? ನೀರಿನ ಬದಿಗೆ ಓಡ್ದವ ಮರಳಲ್ಲಿ ಬೀಳ್ಸಿ ಹೋದ."

"ತಾಯಿ, ಅಲ್ಲಿ ಏನಾಗಲಿಕತ್ತದವ್ವಾ?" ಎಂದ ಮಡೆಪ್ಪ.

"ಎಂತ ಆಗೂದು! ಒಂದು ಹುಡ್ಗಿ ನೀರಲ್ಲಿ ಹೋಗ್ತದೆ ಮಾರಾಯ. ಈಗಷ್ಟೇ ಸೊಂಟದ ಮಟ ಇತ್ತು, ಈಗ ತಲೆ ಮಾತ್ರ ಕಾಣ್ತದೆ. ಕೆಂಪು ಬಾವುಟ ಹಾಕಿರೂ ಇಳೀತಾರಲ್ಲ, ಇವರ ಮನೇಲಿ ಹೇಳವ್ರು ಕೇಳವ್ರು ಯಾರೂ ಇಲ್ವ?"

"ಹೇಳಿದಾಂವ ನಾನೇ ಇದ್ದೀನಿ ತಾಯಿ. ಆಕಿ ನನ್ನ ಮೊಮ್ಮಗಳು."

ಮತ್ತೆ ಬಂದ ಹೆಂಗಸಿನ ದನಿಯಲ್ಲಿ ಕೋಪವಿರಲಿಲ್ಲ. "ಅಜ್ಜಾ, ಫೋನ್ ಇಡ್ಬೇಡ. ನಾ ನೋಡಿ ಹೇಳ್ತೆ. ಕಡಲು ಕಾಯೂ ಹುಡ್ಗ ಹಾರಿದ, ತೇಲೂಕೆ ಕೆಂಪು ಡಬ್ಬಿಯಂಥದ್ದು ಹಿಡ್ಕಂಡಿದ. ಅವ ನಮ್ಮ ಕೇರಿಯವನೇ, ಗಟ್ಟಿಗ."

"ಆಕಿ ಕಾಣತಾಳೇನು?"

"ಕಾಣ್ತದೆ. ನೇರ ದಂಡೆಗೇ ಬರೂಕೆ ಕೈ ಬಡೀತದೆ. ಹಂಗೆ ಬಂದ್ರೆ ಸೋತು ಹೋಗ್ತದೆ, ಬದಿಗೆ ಸರೀಬೇಕು. ಏ ಕೂಸೇ, ಬದಿಗೆ, ಬದಿಗೆ!" ಅವಳು ಕಡಲಿನತ್ತಲೇ ಕಿರುಚಿದಳು. ಮಡೆಪ್ಪ ತನಗರಿವಿಲ್ಲದೆ ಎದ್ದು ನಿಂತು, ಬಯಲು ಹೊಲದಲ್ಲಿ, ನಾನೂರು ಕಿಲೋಮೀಟರಿಗೂ ಆಚೆಯ ನೀರಿಗೆ ಕೇಳುವಂತೆ, "ಬಾಜೂಕ ಸರಿ ನನ್ನವ್ವಾ, ಬಾಜೂಕ ಸರಿ!" ಎಂದು ಕೂಗಿದ. ಬಲೆಯೊಳಗಿನ ಕುರಿಗಳು ಬೆದರಿ ಒಂದು ಮೂಲೆಗೆ ಒತ್ತಿದವು.

"ತಲೆ ಮುಳುಗ್ತು," ಎಂದಳು ಹೆಂಗಸು.

ಮಚ್ಚೇಂದ್ರ ಮಡೆಪ್ಪನ ತೋಳು ಹಿಡಿದುಕೊಂಡ. ಎಷ್ಟು ಹೊತ್ತು ಹಾಗಿದ್ದರೋ. ಸಖುಬಾಯಿ ಕಣ್ಣು ಮುಚ್ಚಿದ ದಿನ ಕೂಡ ಮಡೆಪ್ಪನಿಗೆ ಹೊತ್ತು ಇಷ್ಟು ಉದ್ದವಾಗಿರಲಿಲ್ಲ.

"ಸಿಕ್ತು! ಸಿಕ್ತು ಅಜ್ಜಾ, ಜಡೆ ಸಿಕ್ತು ಅವನ ಕೈಗೆ! ಡಬ್ಬಿ ಮೇಲೆ ಹಾಕ್ದ. ಬದಿಯಿಂದ ತರ್ತಾ ಇದ್ದ. ದೇವ್ರು ದೊಡ್ಡವ."

ಮಡೆಪ್ಪ ಹೊಲದ ಮಣ್ಣಿನ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಕೆಮ್ಮು ಕೇಳಿಸಿತು, ನೀರು ಕಾರಿದ ಸದ್ದು, ಆಮೇಲೆ ಅವನಿಗೆ ಚೆನ್ನಾಗಿ ಪರಿಚಯವಿದ್ದ ಆ ಎದೆಯ ಸಿಳ್ಳು. ಇಷ್ಟು ವರ್ಷ ಆ ಸಿಳ್ಳು ಕೇಳಿದರೆ ಅವನ ಜೀವ ಹಾರುತ್ತಿತ್ತು. ಇಂದು ಅದನ್ನು ಕೇಳಿ ಅತ್ತ.

"ಅಜ್ಜಾ," ಸಾಕ್ಷಿ ಒಂದೊಂದೇ ಮಾತು ಜೋಡಿಸಿದಳು, "ಕಾಲ ಕೆಳಗಿನ ಮಣ್ಣೇ ಹೋಯ್ತು. ಉಡಿ ಹೋಯ್ತಜ್ಜಾ. ದೂರ ಹೋಯ್ತು. ತಿರುಗಿ ಬರಲಿಲ್ಲ."

ಹರಕೆ ಮುಟ್ಟಿತೆನ್ನಲು ಮಡೆಪ್ಪನಿಗೆ ನಾಲಗೆ ಬರಲಿಲ್ಲ. "ಮಾತಾಡಬ್ಯಾಡ ಮಗಾ. ಉಸಿರು ತಗೋ," ಎಂದಷ್ಟೇ ಅಂದ.

ಅರ್ಧ ತಾಸಿನ ಮೇಲೆ ಸರಿತಾಳ ಫೋನು ಬಂತು. ಬೆಳಿಗ್ಗೆ ಸೂಚನೆ ಹಾಕಿದ ಮೇಲೆ ಮಾಸ್ತರರ ಫೋನು ವಸತಿಗೃಹದ ಕಚೇರಿಯಲ್ಲಿ ಚಾರ್ಜಿಗೆ ಇತ್ತಂತೆ. ಈಗ ಅವರೇ ಮಾತಾಡಿದ್ದರು. ಸಾಕ್ಷಿಯನ್ನು ಡಾಕ್ಟರು ನೋಡಿದ್ದಾರೆ, ಉಸಿರಿನೊಡನೆ ಔಷಧ ಎಳೆಸಿದ್ದಾರೆ, ಅಪಾಯವಿಲ್ಲ.

"ಮಾಸ್ತರರು ಭಾಳ ಸಿಟ್ಟಾಗ್ಯಾರ. ಯಾಕ ಹೋಗಿದ್ದಿ ಅಂದ್ರ ಚಿಪ್ಪು ಆರಿಸಲಿಕ್ಕಿ ಅಂದಾಳಂತ. ಇನ್ನ ಎರಡು ದಿನ ಬಸ್ಸಿನಾಗೇ ಕೂಡಿಸ್ತಾರಂತ. ಊರಿಗಿ ಬಂದ ಮ್ಯಾಲ ಹೆಡ್ ಮಾಸ್ತರರ ಮುಂದ ನಿಂದ್ರಸ್ತಾರಂತ." ಆಮೇಲೆ ದನಿ ತಗ್ಗಿಸಿದಳು. "ನಿಮ್ಮ ಹೆಸರು ತಗೊಂಡಿಲ್ಲ ಆಕಿ. ನಾನೂ ತಗೊಂಡಿಲ್ಲ."

"ಯಾಕ ತಗೊಳ್ಳಿಲ್ಲ?"

"ಅತ್ತಿ ಹರಕಿ ಅಂತ ನನಗ ಹೇಳಿದ್ರ ನಾ ಬ್ಯಾಡ ಅಂತಿದ್ನೇನ್ರಿ? ನಾನೇ ಸಂಗಾಟ ಹೋಗ್ತಿದ್ದೆ. ನನ್ನ ಹೊರಗಿನಾಕಿ ಮಾಡಿದ್ರಲ್ಲ ಮಾಮಾ." ಅವಳ ಸಿಟ್ಟು ಅಳುವಿನಲ್ಲಿ ಮುರಿಯಿತು. "ನಾನರೇ ಏನು, ಎರಡು ದಿನ ಬರೇ ಗಾಳಿ ಓದಿ ಬಿಟ್ಟೆ."

"ನಿಂದೇನೂ ಇಲ್ಲ. ಮಾಸ್ತರರ ನಂಬರ್ ಹೇಳು."

"ಹಚ್ಚಿ ಏನು ಮಾಡ್ತೀರಿ? ಹುಡುಗಿ ಉಳದಾಳ, ಸಾಕಲ್ಲ. ಕಲ್ಯಾಣದಾಗ ಮಂದಿ ಏನಂತಾರ, ಅಜ್ಜನೇ ಕೂಸಿಗಿ ನೀರಿಗಿ ನೂಕಿದಾ ಅಂತಾರ."

"ಖರೇನೇ ಅಂತಾರ. ಹೇಳು ನಂಬರ್."

ಮಚ್ಚೇಂದ್ರ ನಂಬರು ಹಚ್ಚಿಕೊಟ್ಟ. ಮಾಸ್ತರರು ಎತ್ತಿದ ಕೂಡಲೇ ಮಡೆಪ್ಪ ಪೀಠಿಕೆಯಿಲ್ಲದೆ ಹೇಳಿದ: ಗಂಟು ಕೊಟ್ಟದ್ದು ತಾನು, ಗುಟ್ಟು ಮಾಡಿಸಿದ್ದು ತಾನು, ಆ ಜಾಗ ತೋರಿಸಿದ್ದೂ ತಾನು. ಚಿಪ್ಪಿನ ಮಾತು ಸುಳ್ಳು. ಅಜ್ಜನ ಮಾನ ಕಾಯಲು ಹುಡುಗಿ ಹೇಳಿದ ಸುಳ್ಳು. ಶಿಕ್ಷೆ ಏನಿದ್ದರೂ ತನಗೆ ಆಗಲಿ.

ಮಾಸ್ತರರು ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಅಜ್ಜಾರ, ನಾನು ನಿನ್ನೆ ರಾತ್ರಿ ಮಕ್ಕಳಿಗೆ ಆ ಸೂಚನೆ ಓದಿ ಹೇಳೀನಿ. ಸಾಕ್ಷೀನೂ ಕೇಳ್ಯಾಳ. ಕೇಳಿದ ಮ್ಯಾಲೂ ನಿಮ್ಮ ಮಾತೇ ಖರೇ ಅಂತ ಹೋದಳಲ್ಲ," ಎಂದರು.

ಆ ಮಾತು ಮಡೆಪ್ಪನಿಗೆ ನಾಟಿತು. ಅಲ್ಲಿ ಕಡಲು ಕಾಯುವವರು ಬರೆದದ್ದಕ್ಕಿಂತ, ಮಾಸ್ತರರು ಓದಿದ್ದಕ್ಕಿಂತ, ಕಡಲನ್ನೇ ಕಾಣದ ಕುರಿಯವನ ಮಾತು ಆ ಮಗುವಿಗೆ ದೊಡ್ಡದಾಗಿತ್ತು.

"ಮಕ್ಕಳು ಎಲ್ಲದಾರ?" ಎಂದು ಕೇಳಿದ.

"ಇಲ್ಲೇ, ತಿಂಡಿಗೆ ಕೂತಾರ. ಎಲ್ಲಾರೂ ಹೆದರಿ ಕೂತಾರ."

"ಫೋನಿನ ದನಿ ದೊಡ್ಡದು ಮಾಡ್ರಿ. ನಾ ಒಂದ ಮಾತು ಹೇಳತೀನಿ ಅವರಿಗಿ."

"ನೀವ?"

"ನಾನೇ ಹೇಳಬೇಕ್ರಿ. ನೀವು ಹೇಳಿದ್ರ ಸಾಲಿ ಪಾಠ ಆಗ್ತದ."

ಮಾಸ್ತರರು ಏನೋ ಒತ್ತಿದರು. ತಟ್ಟೆಗಳ ಸದ್ದು, ಯಾರೋ ಶ್ಶ್ ಎಂದದ್ದು, ಆಮೇಲೆ ನಿಶ್ಶಬ್ದ. ಬಿಸಿಲು ಹೊಲದ ತುಂಬ ಬಂದಿತ್ತು. ಮಚ್ಚೇಂದ್ರ ಬಲೆಯ ಕಡೆ ಹೋಗಿ, ಹೊರಡಲು ಅವಸರ ಮಾಡುತ್ತಿದ್ದ ಕುರಿಗಳಿಗೆ ಅಡ್ಡ ನಿಂತ.

ಮಡೆಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಮಕ್ಕಳೇ, ನಾ ಮುಡಬಿ ಮಡೆಪ್ಪ, ಸಾಕ್ಷಿ ಅಜ್ಜ," ಎಂದು ಶುರುಮಾಡಿದ. "ಆಕಿ ಚಿಪ್ಪಿಗಿ ಹೋಗಿರಲಿಲ್ಲ. ನಾ ಕಳಿಸಿದ್ದೆ. ನನಗ ಹಳ್ಳ ಗೊತ್ತು, ಕಡಲು ಗೊತ್ತಿಲ್ಲ. ಗೊತ್ತಿಲ್ಲದ್ದು ಗೊತ್ತದ ಅಂತ ಹೇಳಿದೆ."